ದುಃಖತಪ್ತರು

ಹೆಂಡತಿ ಅಂಬುಜಾಕ್ಷಿಯನ್ನು ಮಣ್ಣು ಮಾಡಿದ ಮೂರನೆಯ ದಿನ ಚೌಡಪ್ಪ ಅವಳ ಫೋಟೊ ಹಿಡಿದುಕೊಂಡು ಪತ್ರಿಕಾ ಕಚೇರಿಗೆ ಹೋದ. ಶ್ರದ್ಧಾಂಜಲಿ ಜಾಹೀರಾತು ಕೊಡಬೇಕಿತ್ತು. ಕೌಂಟರಿನಲ್ಲಿದ್ದ ಹುಡುಗಿ ವಿವರ ಬರೆದುಕೊಂಡಳು.

"ಕೆಳಗೆ ದುಃಖತಪ್ತರು ಅಂತ ಯಾರ್ಯಾರ ಹೆಸರು ಹಾಕ್ಲಿ ಸರ್?"

"ನಂದೊಂದೇ ಹಾಕಮ್ಮ."

"ಮಕ್ಕಳು?"

"ಇಲ್ಲ."

"ತವರುಮನೆಯವರು?"

ಚೌಡಪ್ಪ ಇಲ್ಲವೆಂದು ತಲೆಯಾಡಿಸಿದ. ಜಾತಿ ಬಿಟ್ಟು ಮದುವೆಯಾದಳೆಂದು ಅವಳ ಅಣ್ಣ ಶೇಷಗಿರಿ ಮೂವತ್ತೆಂಟು ವರ್ಷ ಮಾತು ಬಿಟ್ಟಿದ್ದ. ಸುದ್ದಿ ಮುಟ್ಟಿಸಿದರೂ ಮಣ್ಣಿಗೆ ಬಂದಿರಲಿಲ್ಲ. ಹೆಗಲು ಕೊಟ್ಟವರು ಅಕ್ಕಪಕ್ಕದವರು. ಅವರೂ ಸಂಜೆಗೆ ತಮ್ಮ ತಮ್ಮ ಮನೆ ಸೇರಿದ್ದರು.

ಅಂಬುಜಾಕ್ಷಿಯ ಹೆಸರನ್ನು ಕಂಪ್ಯೂಟರಿಗೆ ಹಾಕಿದ ಹುಡುಗಿ ಕೈ ತಡೆದು ಪರದೆ ನೋಡಿದಳು.

"ಸರ್, ಇವರ ಜಾಹೀರಾತು ನಾಳೆಯ ಪೇಪರಿಗೆ ಆಗಲೇ ಬಂದಿದೆ. ಬೆಳಿಗ್ಗೆ ವಯಸ್ಸಾದವರೊಬ್ಬರು ಕೊಟ್ಟು ಹೋದ್ರು. ಇವರ ಅಣ್ಣ ಅಂತೆ."

ಚೌಡಪ್ಪ ಕೌಂಟರಿನ ಮೇಲೆ ಬಾಗಿದ. ಇದ್ದಾಗ ಹೊಸಿಲು ತುಳಿಯದವನು ಸತ್ತ ಮೇಲೆ ಅವಳನ್ನು ತನ್ನವಳು ಮಾಡಿಕೊಳ್ಳಲು ಬಂದನೇ?

"ಅದನ್ನ ತೆಗೆದುಹಾಕಮ್ಮ. ಆ ಮನುಷ್ಯ ನನ್ನ ಬಿಟ್ಟೇ ಬರೆಸಿರ್ತಾನೆ. ಅವಳ ಗಂಡ ನಾನು!"

ಹುಡುಗಿ ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದಳು. ಎರಡು ಜಡೆಯ, ಹದಿನೆಂಟರ ಅಂಬುಜಾಕ್ಷಿ ನಗುತ್ತಿದ್ದಳು. ಚೌಡಪ್ಪ ಕನ್ನಡಕ ಸರಿಪಡಿಸಿಕೊಂಡು, ಫೋಟೊದ ಕೆಳಗಿನ ಸಾಲನ್ನು ಬೆರಳಿಟ್ಟು ಓದಿದ.

"ದುಃಖತಪ್ತರು: ಪತಿ ಚೌಡಪ್ಪನವರು, ಅಣ್ಣ ಶೇಷಗಿರಿ."