ಮೂಗಿನ ಸಾಕ್ಷಿ

ಮುಚ್ಚಳ ತೆರೆದದ್ದೇ ತಡ, ಹುಳಿ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಮುಖದ ಒಂದು ಗೆರೆಯೂ ಕದಲದಂತೆ ಅವಳು ನೋಡಿಕೊಂಡಳು.

"ಹೇಗಿದೆ?" ಗಂಡ ಕೇಳಿದ. ಫಿಲ್ಮಿನ ತಗಡು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಡಾಕ್ಟರ ಬಾಯಿಂದ ಏನು ಬರುವುದೋ ಎಂದು ಕಾಯುವ ರೋಗಿಯ ಹಾಗೆ ನಿಂತಿದ್ದ.

"ಏನಿಲ್ಲ ರೀ. ಚೆನ್ನಾಗಿದೆ."

"ಸರಿಯಾಗಿ ಮೂಸಿದ್ಯಾ?"

"ಇನ್ನೇನು, ಅದರೊಳಗೆ ಮುಖ ಹಾಕಿ ಮಲಗ್ಲಾ?"

ಅವನು ನಕ್ಕು ಮುಚ್ಚಳ ಒತ್ತಿದ. ಭಾನುವಾರ ಬಂತೆಂದರೆ ಈ ಮನೆಯಲ್ಲಿ ಇದೇ ಕೆಲಸ. ಬೇರೆ ಗಂಡಂದಿರು ಹೆಂಡತಿಯ ಮೂಗಿಗೆ ಹೂವು ಹಿಡಿಯುತ್ತಾರೋ ಏನೋ, ಕನ್ನಡಕದ ಅಂಗಡಿಯ ಈ ಮಹಾಶಯ ಹಿಡಿಯುವುದು ತಗಡು. ಕೋಣೆ ತುಂಬ ಯುರೋಪಿನ ಹಳೆಯ ಕಪ್ಪುಬಿಳುಪು ಚಿತ್ರಗಳು. ಪ್ರೊಜೆಕ್ಟರಿಗೆ ಏರಿಸಿ ಗೋಡೆಯ ಮೇಲೆ ನೋಡುವ ಅಸಲಿ ರೀಲುಗಳು. ಹಳೆ ಫಿಲ್ಮು ಕೊಳೆಯಲು ಶುರುವಾದರೆ ವಿನೆಗರಿನಂಥ ವಾಸನೆ ಬರುತ್ತದೆ, ಅದರ ಹಬೆ ತಾಗಿ ಪಕ್ಕದ ಡಬ್ಬಿಯೂ ಕೆಡುತ್ತದೆ. ವಾಸನೆ ಬಂದ ಕೂಡಲೇ ಅದನ್ನು ಬೇರೆ ಮಾಡಬೇಕು. ಆದರೆ ಹೋದ ವರ್ಷದ ಜ್ವರ ಅವನ ಮೂಗಿನ ಶಕ್ತಿಯನ್ನೇ ಕಸಿದುಕೊಂಡು ಹೋಗಿತ್ತು. ಅಂದಿನಿಂದ ಅವನ ಮೂಗೆಂದರೆ ಹೆಂಡತಿಯ ಮೂಗು.

ಅವಳು ಸುಳ್ಳು ಹೇಳುತ್ತಿದ್ದದ್ದು ಈ ಒಂದು ಡಬ್ಬಿಯ ವಿಷಯದಲ್ಲಿ ಮಾತ್ರ. ಹಡಗಿನ ಅಡುಗೆಯವನೊಬ್ಬ ತನ್ನ ಹುಡುಗಿಗೆ ಬಂದರಿಗೊಂದರಂತೆ ಟೋಪಿ ತಂದುಕೊಡುವ ಚಿತ್ರ ಅದು. ಮದುವೆಯಾದ ಹೊಸದರಲ್ಲಿ, ಬಾಡಿಗೆ ಕೋಣೆಯ ಗೋಡೆಗೆ ಹಾಸಿಗೆಯ ಮೇಲಿನ ಬಟ್ಟೆ ಕಟ್ಟಿ ಗಂಡ ಅದನ್ನು ತೋರಿಸಿದ್ದ. ಅವಳು ತೂಕಡಿಸದೆ ಕೊನೆಯವರೆಗೆ ನೋಡಿದ್ದು ಅದೊಂದನ್ನೇ. ಜ್ವರ ಬಿಟ್ಟು ಇನ್ನೂ ಏಳಲಾರದೆ ಮಲಗಿದ್ದಾಗ ಅವನು, "ಉಳಿದದ್ದು ಏನಾದ್ರೂ ಆಗ್ಲಿ ಕಣೇ, ಆ ಟೋಪಿ ಚಿತ್ರ ಹೋದ್ರೆ ನಾನೂ ಹೋದ ಹಾಗೇನೇ" ಎಂದಿದ್ದ. ಮೊದಲ ಸಲ ಆ ವಾಸನೆ ಬಂದಾಗ ಅವಳಿಗೆ ನೆನಪಾದದ್ದು ಈ ಮಾತು. ಏನಿಲ್ಲ ಎಂದುಬಿಟ್ಟಳು. ಒಮ್ಮೆ ಅಂದ ಮೇಲೆ ಮುಂದಿನ ವಾರ ಯಾವ ಬಾಯಲ್ಲಿ ಬೇರೆ ಹೇಳುವುದು? ಅವನು ಅಂಗಡಿಗೆ ಹೋದಾಗ ಡಬ್ಬಿಯನ್ನು ಕೆಳಗಿನ ಮೂಲೆಗೆ ಸರಿಸಿ, ಉಳಿದವನ್ನೆಲ್ಲ ದೂರ ಇಟ್ಟು, ತಿಂಗಳುಗಟ್ಟಲೆ ಕಾಲ ತಳ್ಳಿದ್ದಳು.

"ಸಂಜೆ ಪೋಸ್ಟರ್ ಬರ್ತಾನೆ. ಟೋಪಿ ಚಿತ್ರ ತೋರಿಸ್ತೀನಿ ಅಂದಿದೀನಿ" ಎಂದ ಗಂಡ.

ಪೋಸ್ಟರ್ ಎಂದರೆ ಅವನ ಗೆಳೆಯ. ರೀಲುಗಳ ಜೊತೆಗೆ ಹರಿದ ಪೋಸ್ಟರುಗಳನ್ನೂ ಬಿಡದೆ ಮನೆ ತುಂಬಿಸಿಕೊಂಡು ಆ ಹೆಸರು ಪಡೆದವನು, ಹುಚ್ಚಿನಲ್ಲಿ ಇವನಿಗಿಂತ ಒಂದು ಕೈ ಮೇಲು. ಅವನ ಮೂಗಿಗೆ ಯಾವ ಜ್ವರವೂ ಬಂದಿರಲಿಲ್ಲ.

ಮಧ್ಯಾಹ್ನವೆಲ್ಲ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೋಣೆಯ ಕಿಟಕಿ ತೆರೆದಳು. ಧೂಳು ಬರುತ್ತದೆಂದು ಅವನು ಬಂದು ಮುಚ್ಚಿದ. ಕೊನೆಗೆ ಅಡುಗೆಮನೆಯ ವಿನೆಗರ್ ಬಾಟಲಿ ಕಣ್ಣಿಗೆ ಬಿತ್ತು. ಬಟ್ಟೆಗೆ ಸುರಿದುಕೊಂಡು ಕಿಟಕಿಯ ಗಾಜುಗಳನ್ನೆಲ್ಲ ತಿಕ್ಕಿದಳು. ಗಾಜು ಮುಗಿದ ಮೇಲೆ ಬಾಗಿಲು, ಬಾಗಿಲು ಮುಗಿದ ಮೇಲೆ ಕುರ್ಚಿಯ ಕಾಲು. ಕಣ್ಣಲ್ಲಿ ನೀರು ಬರುವಷ್ಟು ಘಾಟು. ಅದರ ನಡುವೆ ಗಂಡ ಸಿಳ್ಳೆ ಹಾಕುತ್ತ ಪ್ರೊಜೆಕ್ಟರಿನ ಲೆನ್ಸ್ ಒರೆಸುತ್ತಿದ್ದ.

"ಏನತ್ತಿಗೆ, ಮನೆಯೆಲ್ಲಾ ವಿನೆಗರ್!" ಹೊಸಿಲಲ್ಲೇ ನಿಂತು ಪೋಸ್ಟರ್ ಕೇಳಿದ.

"ಗಾಜು ಒರೆಸಿದೆ. ಒಳ್ಳೆ ಹೊಳಪು ಬರತ್ತೆ."

"ಸದ್ಯ! ನಾನು ಇನ್ನೇನೋ ಅಂದ್ಕೊಂಡು ಹೆದರಿಬಿಟ್ಟಿದ್ದೆ."

"ನಮ್ಮನೇಲಿ ಆ ಭಯವೇ ಇಲ್ಲ ಕಣೋ," ಗಂಡ ಹೆಮ್ಮೆಯಿಂದ ಹೇಳಿದ. "ವಾರಾವಾರ ತಪಾಸಣೆ. ಇವಳ ಮೂಗಿನ ಮುಂದೆ ಯಾವ ಯಂತ್ರಾನೂ ಬೇಡ."

ಅವಳಿಗೆ ನೆಲದ ಕಡೆ ನೋಡುವಂತಾಯಿತು. ಗಂಡ ಡಬ್ಬಿ ತಂದು ಮುಚ್ಚಳ ತೆಗೆದ. ನೋಡಲು ಬಗ್ಗಿದ ಪೋಸ್ಟರ್‌ನ ನಗು ಅಲ್ಲೇ ನಿಂತಿತು. ಫಿಲ್ಮಿನ ತುದಿಯನ್ನು ಬೆರಳಲ್ಲಿ ಎತ್ತಿದ. ಬಡಗಿಯ ಉಜ್ಜುಗೊರಡಿನಿಂದ ಬಿದ್ದ ಸಿಪ್ಪೆಯ ಹಾಗೆ ಅದು ಸುರುಟಿಕೊಂಡಿತ್ತು. ನೆಟ್ಟಗೆ ಮಾಡಲು ಹೋದರೆ ಚಟ್ ಎಂದು ಮುರಿಯಿತು.

"ಇದು ಗಾಜು ಒರೆಸಿದ ವಾಸನೆ ಅಲ್ಲ ಕಣೋ," ಮೆಲ್ಲಗೆ ಹೇಳಿದ. "ಬಹಳ ದಿನದಿಂದ ಕೊಳೀತಿದೆ. ಶುರುವಿನಲ್ಲೇ ಗೊತ್ತಾಗಿದ್ರೆ ನಕಲು ತೆಗೆಸಿ ಉಳಿಸ್ಕೋಬಹುದಿತ್ತು."

ನಕಲು ತೆಗೆಸಬಹುದಿತ್ತು! ಕೆಟ್ಟ ಫಿಲ್ಮಿಗೆ ಕಸದ ಬುಟ್ಟಿಯೊಂದೇ ದಾರಿ ಎಂದುಕೊಂಡಿದ್ದಳು ಅವಳು. ಉಳಿಸಲೆಂದು ಆಡಿದ ಮಾತೇ ಅದನ್ನು ಕೊಂದಿತ್ತು.

"ನಿಂಗೆ ವಾಸನೆ ಬರ್ತಿತ್ತಾ?" ಗಂಡ ಕೇಳಿದ. ದನಿ ಏರಿರಲಿಲ್ಲ.

"ನಿಮಗೆ ಹೇಗೆ ಹೇಳ್ಲಿ ಅಂತ..."

ಅವನು ಒಳಗೆ ಹೋಗಿ ಇನ್ನೊಂದು ಡಬ್ಬಿ ತಂದ. ಮುಚ್ಚಳ ತೆಗೆದು, ಅಭ್ಯಾಸಬಲದಿಂದ ಅವಳ ಮೂಗಿಗೇ ಹಿಡಿದ. ಅವಳು ಕಣ್ಣೊರೆಸಿಕೊಂಡು, ಕತ್ತು ಚಾಚಿ, ಉಸಿರು ಒಳಗೆಳೆದಳು. ತಗಡಿನ ವಾಸನೆ, ಹಳೆ ಎಣ್ಣೆಯ ವಾಸನೆ. ಹುಳಿ ಇಲ್ಲವೇ ಇಲ್ಲ. ಇಡೀ ದಿನದಲ್ಲಿ ಮೊದಲ ಸಲ ಅವಳಿಗೆ ಜೀವ ಬಂದಂತಾಯಿತು.

"ಇದು ಚೆನ್ನಾಗಿದೆ ರೀ. ನಿಜವಾಗ್ಲೂ."

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಡಬ್ಬಿಯನ್ನು ಅವಳ ಮುಂದಿನಿಂದ ತೆಗೆದು, ಗೆಳೆಯನ ಮೂಗಿನ ಹತ್ತಿರ ಹಿಡಿದ.