ಹೀರೋನ ಉಸಿರು

"ನಿಮ್ಮ ಹೀರೋ ಇಂಟರ್‌ವಲ್‌ಗೆ ಮುಂಚೆ ಸತ್ತನೋ, ಆಮೇಲೋ?"

ಬಿಡುಗಡೆಗೆ ಮುಂಚಿನ ಶೋ ನೋಡಿ ಹೊರಬಂದ ಅಕ್ಕ ಹೀಗೆ ಕೇಳಿದ್ದಕ್ಕೆ ತಮ್ಮ ಕಕ್ಕಾಬಿಕ್ಕಿಯಾದ. ಮೂರು ತಿಂಗಳಿಂದ ಆ ಬಾಹ್ಯಾಕಾಶ ಸಿನಿಮಾದ ಹೀರೋನನ್ನು ಫ್ರೇಮ್ ಫ್ರೇಮಾಗಿ ತಿಕ್ಕಿ ತೊಳೆದವನು ಅವನು. ಬೆವರು, ಮೊಡವೆ, ಕೈನಡುಕ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸುವುದೇ ಅವನ ಕೆಲಸ. ಸ್ಟುಡಿಯೋದಲ್ಲಿ ಅವನ ಹೆಸರೇ ರಬ್ಬರ್.

"ಸಾಯೋದಾ? ಅಕ್ಕಾ, ಸಾವೂ ಅವನ ಹತ್ರ ಅಪಾಯಿಂಟ್‌ಮೆಂಟ್ ತಗೊಂಡೇ ಬರಬೇಕು!"

"ಡೈಲಾಗ್ ಸಾಕು. ಹೆಲ್ಮೆಟ್ ಗಾಜಿನ ಮೇಲೆ ಉಸಿರೇ ಇಲ್ಲ ಕಣೋ. ಪಕ್ಕದಲ್ಲಿ ಓಡೋ ಡಾಕ್ಟರಮ್ಮನ ಗಾಜೆಲ್ಲ ಮಂಜು, ಇವನದ್ದು ತೊಳೆದಿಟ್ಟ ಲೋಟ. ದೆವ್ವ ಅಂತ ಕೊನೇಲಿ ಹೇಳ್ತಾರೇನೋ ಅಂತ ಕಾದೂ ಕಾದೂ ಸಾಕಾಯ್ತು."

ನೋಡಿದ ಮೂವತ್ತು ಜನರಲ್ಲಿ ಇಪ್ಪತ್ತೆರಡು ಜನ ಅದನ್ನೇ ಚೀಟಿಯಲ್ಲಿ ಬರೆದಿದ್ದರು. ನಿರ್ದೇಶಕರು ಆ ಚೀಟಿಗಳನ್ನು ರಬ್ಬರ್‌ನ ಮೇಜಿನ ಮೇಲೆ ಸುರಿದರು.

"ಒಂದು ಕಲೆಯೂ ಇರಬಾರದು ಅಂದಿದ್ದು ನೀವೇ ಸರ್."

"ಉಸಿರು ಕಲೆಯೇನೋ?"

"ಗಾಜಿನ ಮೇಲಿದ್ರೆ ಮತ್ತಿನ್ನೇನು ಸರ್?"

ನಿರ್ದೇಶಕರು ಚೀಟಿಗಳನ್ನು ಪಕ್ಕಕ್ಕೆ ತಳ್ಳಿದರು. "ಹಳೇದನ್ನೇ ವಾಪಸ್ ಹಾಕು."

"ಕಂಪ್ಯೂಟರಲ್ಲಿ ಜಾಗ ಇಲ್ಲ ಅಂತ ಹಳೇ ಫೈಲೂ ಅಳಿಸಿಬಿಟ್ಟೆ ಸರ್."

"ನಾಳೆ ಸಂಜೆಯೊಳಗೆ ಅವನು ಬದುಕಬೇಕು. ಇಲ್ಲಾಂದ್ರೆ ನಿನ್ನ ಕುರ್ಚಿ ಖಾಲಿ."

ಮರುದಿನ ರಬ್ಬರ್ ಕೆಟಲಿನ ಹಬೆಯನ್ನು ಗಾಜಿಗೆ ಹಿಡಿದು ಚಿತ್ರೀಕರಿಸಿದ. ಹೀರೋ ಸ್ನಾನದ ಮನೆಯಲ್ಲಿದ್ದಂತೆ ಕಂಡ. ಊದುಬತ್ತಿ ಹೊಗೆ ಬಿಟ್ಟ. ಹೀರೋನ ತಲೆಗೆ ಬೆಂಕಿ ಬಿದ್ದಂತಾಯಿತು. "ಲೋಕಾನೇ ಉಳಿಸಿದವನಿಗೆ ಒಂದು ಉಸಿರು ಹುಟ್ಟಲ್ವಲ್ಲ" ಎಂದು ರಬ್ಬರ್ ತಲೆ ಮೇಲೆ ಕೈಹೊತ್ತು ಕೂತ. ಮಧ್ಯಾಹ್ನ ಊಟದ ಡಬ್ಬಿ ತಂದ ಅಕ್ಕ ಇದನ್ನೆಲ್ಲ ನೋಡಿ, "ನಿನಗೆ ಮೂಗಿಲ್ವೇನೋ? ನೀನೇ ಬಿಡು" ಎಂದಳು.

ಉಸಿರಷ್ಟೇ ಕಾಣಲೆಂದು ಕಪ್ಪು ಬಟ್ಟೆ ಹೊದ್ದು ಅವನು ಗಾಜಿನ ಮುಂದೆ ಕೂತ. ಅಕ್ಕ ಕ್ಯಾಮೆರಾ ಹಿಡಿದಳು. ಚಿಕ್ಕಂದಿನಿಂದ ಉಬ್ಬಸದವನು. ಎರಡು ಗಿಡ್ಡ ಉಸಿರು, ಒಂದು ನಿಲುಗಡೆ, ಆಮೇಲೆ ಒಂದು ಉದ್ದ. ಅದನ್ನೇ ಹೀರೋನ ಗಾಜಿಗೆ ಅಂಟಿಸಿ ಓಡಿಸಿದ. ಹಗ್ಗ ಹರಿದು, ನೌಕೆಯ ಅಂಚು ಹಿಡಿದು ನೇತಾಡುವ ದೃಶ್ಯ. ಪರದೆ ನೋಡುತ್ತಿದ್ದ ಅಕ್ಕನ ಕೈ ಗೊತ್ತಿಲ್ಲದೆಯೇ ಬ್ಯಾಗಿಗೆ ಹೋಗಿ ತಮ್ಮನ ಇನ್ಹೇಲರ್ ಹುಡುಕಿತು.

ಸಂಜೆ ನಿರ್ದೇಶಕರು ಮೂರು ಸಲ ನೋಡಿದರು. "ಬದುಕಿಬಿಟ್ಟ ಕಣೋ! ವಾಪಸ್ ಬರ್ತಾನೋ ಇಲ್ವೋ ಅಂತ ನನಗೇ ಭಯ ಆಯ್ತು. ಕಥೆ ಬರೆದವನು ನಾನು!" ರಬ್ಬರ್‌ನ ಬೆನ್ನು ತಟ್ಟಿ ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಆ ಉಸಿರು ನಡುನಡುವೆ ತಡವರಿಸತ್ತಲ್ಲ, ಅದೊಂದು ಅಳಿಸಿಬಿಡು. ಹೀರೋ ನೋಡಪ್ಪ."

ರಬ್ಬರ್ ತನ್ನ ಕಂಪ್ಯೂಟರ್ ಪೆನ್ನು ಎತ್ತಿಕೊಂಡ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಪರದೆಗೆ ಮೂಗು ತಾಗುವಷ್ಟು ಬಾಗಿದ. ಗಾಜಿನ ಮೇಲೆ ಎರಡು ಮಂಜಿನ ಕಲೆ ಕಂಡವು. ತೋಳಿನಿಂದ ಒರೆಸಿದ. ಒಂದು ಹೋಯಿತು. ಇನ್ನೊಂದು ಹೀರೋನ ಹೆಲ್ಮೆಟ್ಟಿನ ಒಳಗಡೆ ಹಾಗೇ ನಡೆದಿತ್ತು: ಎರಡು ಗಿಡ್ಡ, ಒಂದು ನಿಲುಗಡೆ. ರಬ್ಬರ್ ತನ್ನ ಉಸಿರು ಬಿಗಿಹಿಡಿದು, ಆ ಉದ್ದದ್ದು ಬರಲೆಂದು ಕಾದು ಕೂತ.