ಮೂರು ಪಾಯಿಂಟ್ ಒಂದು

“ಕೆಡಿಸಿದಾಕಿ ನೀನ. ಬ್ಯಾರೆ ಯಾರು ಮುಟ್ತಾರ ಅದನ್ನ?”

ಬೆಟಗೇರಿಯ ನೇಕಾರರ ಸಂಘದ ಚೇರಮನ್ ಪುಂಡಲೀಕಪ್ಪ ಕಂಪ್ಯೂಟರಿನ ಕಪ್ಪು ಪರದೆಯತ್ತ ಬೆರಳು ಚಾಚಿದರು. ಎಂಬತ್ತೆಂಟರಲ್ಲಿ ಬಂದ ಆ ಯಂತ್ರವನ್ನು ನಡೆಸುವ ಸುಗ್ರಾಬಿ ಬಿ.ಎಸ್ಸಿ. ಪದವೀಧರೆ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಪ್ಪು ಅವಳದೆಂದು ಕಮಿಟಿ ನಂಬಿದರೆ ಅದು ಇಂದೇ ಮುಗಿಯುತ್ತಿತ್ತು. ಕಿಟಕಿಯಾಚೆ ನೂಲಿಗಾಗಿ ನಿಂತ ಸಾಲಿನಲ್ಲಿ ಅವಳ ಅಪ್ಪ ಬುಡ್ಡೇಸಾಬನೂ ಇದ್ದ. ಯಂತ್ರ ಚೀಟಿ ಮುದ್ರಿಸದೆ ಗೋದಾಮು ತೆರೆಯುವಂತಿರಲಿಲ್ಲ.

“ಹೆಣ್ಣುಮಕ್ಕಳ ಕೈಯಾಗ ಮಷಿನ್ ಕೊಟ್ರ ಹಿಂಗ ಆಗೂದು, ಮಾವ,” ಎಂದ ಸಕ್ರಪ್ಪ, ಮಿರ್ಚಿಭಜಿಯ ಎಣ್ಣೆಯನ್ನು ಕಾಗದಕ್ಕೆ ಒರೆಸುತ್ತ. ಅವನು ಚೇರಮನ್ನರ ಅಕ್ಕನ ಮಗ. ಗದಗಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ.

ಸುಗ್ರಾಬಿ ಸಂಘದ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿದಳು. ಒಳಗಿನ ಡಿಸ್ಕನ್ನು ಮಲಗಿದಂತೆಯೇ ಬಿಟ್ಟು, ಅದರ ಮೊಟ್ಟಮೊದಲ ತುಣುಕನ್ನು ಮಾತ್ರ ಪರದೆಗೆ ತಂದಳು.

“ಕಾಕಾ, ನೀವು ಸೀರಿ ಮಡಿಕಿ ಬಿಚ್ಚೂದುಲ್ಲ. ಅಂಚು ನೋಡಿ ಯಾರ ಮಗ್ಗದ್ದಂತ ಹೇಳ್ತೀರಿ. ಇದೂ ಹಂಗ. ನಮ್ಮ ಫ್ಲಾಪಿನ್ಯಾಗ ಮಷಿನ್ ಎಬ್ಬಸೂ ಡಾಸ್ ಎಲ್ಲಾ ಮೂರು ಪಾಯಿಂಟ್ ಮೂರು. ಡಿಸ್ಕಿನ ಅಂಚಿನ್ಯಾಗ ಮೂರು ಪಾಯಿಂಟ್ ಒಂದು ಅಂತ ಐತಿ. ಆ ಹಳೇದು ನಮ್ಮ ಕಡೆ ಇಲ್ಲ. ಸಕ್ರಪ್ಪಣ್ಣನ ಕ್ಲಾಸಿನ್ಯಾಗ ಐತಿ. ರವಿವಾರ ಅವರು ಕೀಲಿ ಇಸಕೊಂಡು ಇದರಾಗ ಆಟ ಹಾಕಾಕ ಬಂದಿದ್ರು, ಆವಾಗ ಅವರ ಡಾಸ್ ನಮ್ಮದರ ಮ್ಯಾಲೆ ಕುಂತು ಕೆಟ್ಟೈತಿ.”

ಸಕ್ರಪ್ಪ ಭಜಿ ನುಂಗಿದ. ಪುಂಡಲೀಕಪ್ಪ ಪರದೆಯ ಮೇಲೆ ಬಾಗಿ, ಮೂರು, ಚುಕ್ಕಿ, ಒಂದು ಎಂದು ಗಟ್ಟಿಯಾಗಿ ಓದಿದರು.

“ಇದನ್ನ ಕಾಗದದ ಮ್ಯಾಲೆ ಪ್ರಿಂಟ್ ತಗೀಲಿರಿ?” ಎಂದು ಕೇಳಿದಳು ಸುಗ್ರಾಬಿ.

“ಇರೂ ಕಾಗದ ಚೀಟಿಗೆ ಸಾಲೂದುಲ್ಲವ್ವಾ. ನಾ ಕಣ್ಣಾರೆ ನೋಡೇನಲ್ಲ? ಮಂದಿ ಬಿಸಲಾಗ ನಿಂತೈತಿ, ನಿಮ್ಮಪ್ಪನೂ ನಿಂತಾನ. ಮೊದಲು ಚಾಲೂ ಮಾಡು. ಕಮಿಟಿ ಮುಂದ ನಾನ ಹೇಳ್ತೀನಿ.”

ಅವಳು ಕಿಟಕಿಯತ್ತ ಒಮ್ಮೆ ನೋಡಿದಳು. ಮನೆಯಲ್ಲಿ ಮಗ್ಗ ಬರಿದಾಗಿತ್ತು. ಸಂಘದ ಫ್ಲಾಪಿಯಿಂದ ಹೊಸ ವ್ಯವಸ್ಥೆಯನ್ನು ಡಿಸ್ಕಿನ ಮೇಲೆ ಬರೆದಳು. ಹಳೆಯ ಮೂರು ಪಾಯಿಂಟ್ ಒಂದು ಅದರಡಿ ಅಳಿಸಿಹೋಯಿತು. ಪ್ರಿಂಟರು ಕಿರುಗುಟ್ಟಿತು, ಗೋದಾಮು ತೆರೆಯಿತು.

ಮಧ್ಯಾಹ್ನ ಕಮಿಟಿಯವರು ಬಂದು ಕುಳಿತರು. ಸುಗ್ರಾಬಿ ಹೇಳಿದ್ದೆಲ್ಲವನ್ನೂ ಪುಂಡಲೀಕಪ್ಪ ಮೊದಲ ಸಲ ಕೇಳುವವರಂತೆ ಕೇಳಿದರು.

“ಹೌದೇನು? ಈಗ ಡಿಸ್ಕಿನ್ಯಾಗ ಯಾವುದೈತಿ?”

“ಮೂರು ಪಾಯಿಂಟ್ ಮೂರು.”

“ಮತ್ತ ಆ ಮೂರು ಪಾಯಿಂಟ್ ಒಂದು ಎಲ್ಲೈತಿ? ಇವರಿಗೆ ತೋರಸವ್ವಾ.”

ಅವಳು ಕಿಟಕಿಗೆ ಮುಖ ತಿರುಗಿಸಿದಳು. ಅಂಗಳದಲ್ಲಿ ಬುಡ್ಡೇಸಾಬ ನೂಲಿನ ಗಂಟನ್ನು ಹೆಗಲಿಗೇರಿಸಿಕೊಂಡು, ಖಾಲಿ ಇದ್ದ ಕೈಯಿಂದ ಸಕ್ರಪ್ಪನಿಗೆ ಸಲಾಮು ಮಾಡುತ್ತಿದ್ದ: “ಮಷಿನ್ ನೀವ ದುರಸ್ತಿ ಮಾಡಿದ್ರಂತಲ್ರಿ. ದೇವರು ನಿಮ್ಮನ್ನ ಚಲೋ ಇಟ್ಟಿರಲಿ.”